ಮನೆಯಲ್ಲಿ ಮಾರ್ಗೋ, ದಾಖಲೆಯಲ್ಲಿ ಮಾರ್ಗರೀತ್: ಹಳೆಯ ಫ್ರೆಂಚ್ ಹೆಸರುಗಳಿಗೊಂದು ಮುದ್ದುಹೆಸರು

ಫ್ರಾನ್ಸಿನ ಲೇಖಕ ವಿಕ್ಟರ್ ಹ್ಯೂಗೊ 1824ರಲ್ಲಿ ಹುಟ್ಟಿದ ತಮ್ಮ ಮಗಳಿಗೆ ಲಿಯೊಪೋಲ್ದೀನ್ ಎಂದು ಹೆಸರಿಟ್ಟರು. ನೆಪೋಲಿಯನ್ನನ ಸೇನೆಯಲ್ಲಿ ದಂಡನಾಯಕರಾಗಿದ್ದ ತಂದೆ ಲಿಯೊಪೋಲ್ಡ್ ಅವರ ಹೆಸರಿಗೆ ಸ್ತ್ರೀಲಿಂಗದ ಪ್ರತ್ಯಯ ಹಚ್ಚಿ ಮಾಡಿದ ಹೆಸರದು. ತೊಟ್ಟಿಲ ಮಗುವಿಗೆ ಇಷ್ಟು ಗಂಭೀರ ನಾಮಧೇಯ ಭಾರವಾಯಿತೇನೋ, ಮನೆಯಲ್ಲಿ ಆಕೆ ದಿದೀನ್ ಆದಳು. ಕಿರಿಯ ಮಗಳ ವಿಷಯದಲ್ಲಿ ಬೇರೊಂದು ತೊಡಕಿತ್ತು. ಆಕೆಯ ಹೆಸರು ಅದೆಲ್, ತಾಯಿಯ ಹೆಸರೂ ಅದೆಲ್. ಒಂದೇ ಸೂರಿನಡಿ ಇಬ್ಬರು ಅದೆಲ್‌ಗಳಿದ್ದರೆ ಕರೆದಾಗ ಓಗೊಡಬೇಕಾದವರು ಯಾರು? ಮಗಳು ದೇದೇ ಆದಳು.

1843ರ ಸೆಪ್ಟೆಂಬರ್ 4ರಂದು ಸೆನ್ ನದಿಯಲ್ಲಿ ದೋಣಿ ಮಗುಚಿ ಲಿಯೊಪೋಲ್ದೀನ್ ತನ್ನ ಪತಿಯೊಡನೆ ಮುಳುಗಿ ತೀರಿಕೊಂಡಳು. ಆಗ ಆಕೆಗೆ 19 ವರ್ಷ. ಪ್ರವಾಸದಲ್ಲಿದ್ದ ಹ್ಯೂಗೊ ಮಗಳ ಸಾವಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಯಿತು. ಅವರು ಆಕೆಗೆ ಬರೆದ ಪತ್ರಗಳಲ್ಲಿ ದಿದೀನ್ ಎಂಬ ಕರೆ ಇಂದಿಗೂ ಹಾಗೆಯೇ ಉಳಿದಿದೆ.

ಮುದ್ದುಹೆಸರು ಎಂಬುದು ಆಟದ ಮಾತಲ್ಲ ಎನ್ನಲು ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಿಲ್ಲ. ಈ ಪ್ರಶ್ನೆಗೆ ಈಗ ಮತ್ತೆ ಜೀವ ಬಂದಿದೆ. ಫ್ರಾನ್ಸಿನಲ್ಲಿ ಅಜ್ಜಿ, ಮುತ್ತಜ್ಜಿಯರ ಕಾಲದ ಹೆಸರುಗಳು ಮರಳಿ ಬಳಕೆಗೆ ಬರುತ್ತಿವೆ. ಲೂಯಿಸ್, ಜಾನ್, ರೋಸ್, ಆಲಿಸ್ ಮುಂತಾದವು 2010ರ ದಶಕದಿಂದೀಚೆಗೆ ನವಜಾತ ಹೆಣ್ಣುಮಕ್ಕಳ ಹೆಸರುಗಳ ಸಾಲಿನಲ್ಲಿ ಮುಂಚೂಣಿಗೆ ಬಂದಿವೆ. ಜೋಸೆಫೀನ್, ಸುಝಾನ್, ಮಾರ್ಗರೀತ್, ಮದಲೇನ್ ಸಹ ಮತ್ತೆ ಕಿವಿಗೆ ಬೀಳುತ್ತಿವೆ. ಹೆಸರುಗಳ ಏರಿಳಿತವನ್ನು ಅಂಕಿಅಂಶಗಳ ಮೂಲಕ ಅಧ್ಯಯನ ಮಾಡಿದ ಫಿಲಿಪ್ ಬೆನಾರ್ ಮತ್ತು ಗಿ ದೆಪ್ಲಾಂಕ್ ಅವರು 1986ರಲ್ಲಿಯೇ ಈ ಕುರಿತು ಪುಸ್ತಕ ಪ್ರಕಟಿಸಿದ್ದರು. ತಾಯಿಯ ಪೀಳಿಗೆಯ ಹೆಸರು ಹಳಸಿದಂತೆ ಕಾಣುತ್ತದೆ, ಮುತ್ತಜ್ಜಿಯ ಪೀಳಿಗೆಯದು ಹೊಸದಾಗಿ ಕೇಳಿಸುತ್ತದೆ. ನಮ್ಮಲ್ಲಿಯೂ ಇದು ಅಪರಿಚಿತ ಸಂಗತಿಯೇನಲ್ಲ. ಆದರೆ ಉದ್ದ ಹೆಸರು ಮರಳಿದಾಗ ಅದನ್ನು ಮನೆಯೊಳಗೆ ಹೇಗೆ ಮೊಟಕುಗೊಳಿಸಬೇಕು ಎಂಬ ಜಿಜ್ಞಾಸೆಯೂ ಜೊತೆಯಲ್ಲಿಯೇ ಮರಳುತ್ತದೆ.

ಬಾಲ ಹಿಡಿಯುವ ಭಾಷೆ

ಕನ್ನಡಿಗರು ಹೆಸರನ್ನು ಮೊಟಕುಗೊಳಿಸುವಾಗ ತಲೆಯನ್ನು ಉಳಿಸಿಕೊಳ್ಳುತ್ತಾರೆ. ಸರಸ್ವತಿ ಸರಸು ಆಗುತ್ತಾಳೆ, ರುಕ್ಮಿಣಿ ರುಕ್ಕು, ಪದ್ಮಾವತಿ ಪದ್ದು, ಪಾರ್ವತಿ ಪಾರು. ಕನ್ನಡದ ಮಾತಿನಲ್ಲಿ ಒತ್ತು ಬೀಳುವುದು ಸಾಮಾನ್ಯವಾಗಿ ಪದದ ಮೊದಲಲ್ಲಿ. ಫ್ರೆಂಚ್ ಭಾಷೆಯಲ್ಲಿ ಒತ್ತು ಬೀಳುವುದು ಕೊನೆಯಲ್ಲಿ. ಆದಕಾರಣ ಹಳೆಯ ಫ್ರೆಂಚ್ ಮುದ್ದುಹೆಸರುಗಳು ಹಲವು ವೇಳೆ ತಲೆಯನ್ನು ಬಿಟ್ಟು ಬಾಲವನ್ನು ಹಿಡಿದುಕೊಂಡವು. ಆಂತ್ವಾನೆತ್‌ನಿಂದ ತ್ವಾನೆತ್, ಎಲಿಸಬೆತ್‌ನಿಂದ ಬಾಬೆತ್, ಜೋಸೆಫೀನ್‌ನಿಂದ ಫಿಫೀನ್, ಒಗುಸ್ತೀನ್ ಮತ್ತು ಎರ್ನೆಸ್ತೀನ್ ಎರಡರಿಂದಲೂ ತಿತೀನ್ ಹುಟ್ಟಿದ್ದು ಹೀಗೆ. ದಿದೀನ್ ಕೂಡ ಇದೇ ಅಚ್ಚಿನದು. ಕೊನೆಯ ಉಚ್ಚಾರಾಂಶವನ್ನು ಹಿಡಿದು, ಅದರ ಮೊದಲ ವ್ಯಂಜನವನ್ನು ಇಮ್ಮಡಿಗೊಳಿಸುವುದು ಇಲ್ಲಿನ ಕ್ರಮ. ತೊದಲು ಮಾತನಾಡುವ ಮಗು ತನ್ನ ಹೆಸರನ್ನು ತಾನೇ ಹೀಗೆ ಹೇಳಿಕೊಳ್ಳುತ್ತದೆ. ಅನೇಕ ಮನೆಗಳಲ್ಲಿ ಹೆಸರಿಟ್ಟವರು ಹಿರಿಯರಲ್ಲ, ಅಕ್ಕಪಕ್ಕದ ತೊಟ್ಟಿಲಿನಿಂದ ಎದ್ದ ಅಣ್ಣ, ಅಕ್ಕಂದಿರೇ ಎಂಬುದನ್ನು ಮರೆಯುವಂತಿಲ್ಲ.

ಇದಕ್ಕಿಂತ ಹಳೆಯದಾದ ಇನ್ನೆರಡು ಪ್ರತ್ಯಯಗಳಿವೆ. ಮೊದಲನೆಯದು ‘ಒನ್’. ಮಾರಿ ಎಂಬುದು ಮಾರಿಯೋನ್ ಮತ್ತು ಮನೋನ್ ಆಯಿತು; ಆನ್ ಎಂಬುದು ನಿನೋನ್; ಎಲೀಸ್ ಲಿಝೋನ್; ಸುಝಾನ್ ಸುಝೋನ್; ಫ್ರಾಂಸ್ವಾಸ್ ಫಾಂಶೋನ್; ಲೂಯಿಸ್ ಲೂಯಿಝೋನ್. 13ನೇ ಶತಮಾನದ ಕವಿ ಆದಾಂ ದ ಲಾ ಆಲ್ ರಚಿಸಿದ ನಾಟಕದ ಕುರುಬಿತಿಯ ಹೆಸರೇ ಮಾರಿಯೋನ್. ಎರಡನೆಯದು ‘ಎತ್’. ಜಾನ್ ಜಾನೆತ್ ಆಗುವುದು, ಲೀಸ್ ಲಿಝೆತ್ ಆಗುವುದು ಇದರಿಂದ. 20ನೇ ಶತಮಾನದ ಉತ್ತರಾರ್ಧದಲ್ಲಿ ಮಾತ್ರ ಫ್ರೆಂಚರೂ ಹೆಸರಿನ ತಲೆಯನ್ನು ಹಿಡಿಯತೊಡಗಿದರು. ಕ್ಯಾರೊಲೀನ್ ಕ್ಯಾರೊ, ವೆರೋನಿಕ್ ವೆರೊ, ಇಸಬೆಲ್ ಇಸಾ, ಕ್ಲೆಮಾಂತೀನ್ ಕ್ಲೆಮ್. ಈ ಹೊಸ ಬಗೆ ಚುರುಕಾಗಿದೆ, ನಿಜ. ಆದರೆ ಹಳೆಯ ಹೆಸರಿನ ಪಕ್ಕದಲ್ಲಿ ಅದು ರೇಷ್ಮೆ ಸೀರೆಗೆ ಹವಾಯಿ ಚಪ್ಪಲಿ ತೊಟ್ಟಂತೆ ಕಾಣುವುದೂ ಉಂಟು.

ಈಗಾಗಲೇ ಮೊಟಕಾದ ಹೆಸರುಗಳದ್ದು ಇನ್ನೊಂದು ಸಮಸ್ಯೆ. ಪೋಲೆತ್, ಯೂಗೆತ್, ಇವೆತ್, ಜಾರ್ಜೆತ್, ಕೊಲೆತ್, ಜಿನೆತ್ ಇವೆಲ್ಲ ಮೂಲದಲ್ಲಿ ಮುದ್ದುಹೆಸರುಗಳೇ. ಎರಡು ಮಹಾಯುದ್ಧಗಳ ನಡುವಿನ ದಶಕಗಳಲ್ಲಿ ಇವು ಸ್ವತಂತ್ರ ಹೆಸರುಗಳಾಗಿ ಫ್ರಾನ್ಸಿನ ತುಂಬ ಹರಡಿದವು. ಸಣ್ಣದನ್ನು ಮತ್ತೆ ಸಣ್ಣದು ಮಾಡುವುದು ಹೇಗೆ? ಬರ್ನದೆತ್‌ಗೆ ನಾದೆತ್ ಅಥವಾ ದೇದೆತ್ ಎನ್ನುವುದುಂಟು. ಕೊಲೆತ್ ಎಂಬುದಂತೂ ನಿಕೊಲೆತ್‌ನ ಬಾಲ. ಅದನ್ನು ಹಾಗೆಯೇ ಬಿಡುವುದು ಲೇಸು.

ಹೆಸರಿಗೆ ಹತ್ತುವ ಮಸಿ

ಮುದ್ದುಹೆಸರಿನ ಆಯ್ಕೆಯಲ್ಲಿ ತೀವ್ರ ಎಚ್ಚರಿಕೆ ಬೇಕಾದದ್ದು ಅರ್ಥದ ವಿಷಯದಲ್ಲಿ. ಕ್ಯಾತರೀನ್ ಎಂಬ ಸಂತಳ ಹೆಸರಿನಿಂದ ‘ಕತ್ಯಾಂ’ ಎಂಬ ಮುದ್ದುಹೆಸರು ಹುಟ್ಟಿತ್ತು. ಹಳ್ಳಿಯ ಹುಡುಗಿಯರಿಗೆ ಸಲ್ಲುತ್ತಿದ್ದ ಈ ಕರೆ ಕ್ರಮೇಣ ಫ್ರಾನ್ಸಿನಲ್ಲಿ ವೇಶ್ಯೆ ಎಂಬ ಅರ್ಥ ಪಡೆಯಿತು. ವಿಚಿತ್ರವೆಂದರೆ, ಅಟ್ಲಾಂಟಿಕ್ ಸಾಗರ ದಾಟಿ ಕೆನಡಾದ ಕ್ವಿಬೆಕ್ ಸೇರಿದ ಅದೇ ಪದ ಅಲ್ಲಿ ಮಕ್ಕಳಾಡುವ ಗೊಂಬೆ ಎಂಬ ಅರ್ಥದಲ್ಲಿ ನಿಂತಿತು. ಒಂದೇ ಪದ, ಒಂದು ದಡದಲ್ಲಿ ಬೈಗುಳ, ಇನ್ನೊಂದು ದಡದಲ್ಲಿ ಆಟಿಕೆ! ಮಾರ್ಗರೀತ್‌ನಿಂದ ಬಂದ ಮಾರ್ಗೋತೋನ್ ಎಂಬುದರ ಬಾಲವಾದ ‘ಗೊತೋನ್’ ಕೂಡ ಇದೇ ಹಾದಿ ಹಿಡಿಯಿತು. ಮಾರ್ಗೋ ಎಂಬುದು ಮ್ಯಾಗ್‌ಪೈ ಹಕ್ಕಿಗೆ, ಅದರಿಂದ ಬಾಯಿಬಡುಕಿಗೆ ಅಡ್ಡಹೆಸರಾಗಿತ್ತು. ಆನ್ ಕುಲದ ‘ನಾನಾ’ ಎಂಬುದು ಎಮಿಲ್ ಝೋಲಾರ 1880ರ ಕಾದಂಬರಿಯ ವೇಶ್ಯಾ ನಾಯಕಿಯ ಹೆಸರಾಗಿ ಪ್ರಸಿದ್ಧವಾಯಿತು. ಇಂದಿನ ಆಡುಮಾತಿನಲ್ಲಿ ಅದು ‘ಹುಡುಗಿ’ ಎಂಬುದಕ್ಕೆ ಪರ್ಯಾಯ ಪದವಾಗಿದೆ.

ಎಲ್ಲ ಪದಗಳೂ ಕೆಳಗಿಳಿಯಲಿಲ್ಲ ಎನ್ನುವುದು ಸಮಾಧಾನ. ಮಾರಿಯೋನ್‌ಗೆ ‘ಎತ್’ ಸೇರಿ ಸೂತ್ರದ ಗೊಂಬೆಗೆ ಮಾರಿಯೊನೆತ್ ಎಂಬ ಹೆಸರು ಬಂದಿತು. ಫಾಂಶೋನ್ ಎಂಬುದು ಹೆಂಗಸರು ಗದ್ದದ ಕೆಳಗೆ ಗಂಟು ಹಾಕುವ ತಲೆವಸ್ತ್ರದ ಹೆಸರಾಯಿತು. ಜಾನೆತ್ ಎಂಬುದು ಅಂಗಿಯ ತೋಳನ್ನು ಇಸ್ತ್ರಿ ಮಾಡುವ ಪುಟ್ಟ ಹಲಗೆ.

ಎತ್ತಣ ಅಂತಸ್ತು, ಎತ್ತಣ ಹೆಸರು ಎನ್ನುವಂತಿಲ್ಲ. ಮೊಲಿಯೇರ್ 1673ರಲ್ಲಿ ರಂಗಕ್ಕೆ ತಂದ ‘ಲ ಮಲಾದ್ ಇಮಾಜಿನೇರ್’ ನಾಟಕದಲ್ಲಿ ಮನೆಗೆಲಸದವಳ ಹೆಸರು ತ್ವಾನೆತ್. ಅದೇ ಮನೆಯ ಪುಟ್ಟ ಮಗಳು ಲೂಯಿಝೋನ್. ಮಾರಿವೋ 1730ರಲ್ಲಿ ಬರೆದ ನಾಟಕದಲ್ಲಿ ಒಡತಿ ಸಿಲ್ವಿಯಾ, ಆಕೆಯ ದಾಸಿ ಲಿಝೆತ್. ಬೋಮಾರ್ಶೆಯ ‘ಫಿಗರೋನ ಮದುವೆ’ಯಲ್ಲಿ ತೋಟಗಾರನ ಮಗಳು ಫಾಂಶೆತ್. ಮುದ್ದುಹೆಸರು ಮನೆಯ ಮಗುವಿಗೂ ಮನೆಗೆಲಸದವಳಿಗೂ ಏಕಕಾಲಕ್ಕೆ ಸಲ್ಲುತ್ತಿತ್ತು. ವಯಸ್ಸಿಗೆ ಬಂದ ಒಡತಿಗೆ ಮಾತ್ರ ಪೂರ್ಣ ಹೆಸರು. 19ನೇ ಶತಮಾನದ ಶ್ರೀಮಂತ ಮನೆಗಳಲ್ಲಿ ಹೊಸದಾಗಿ ಸೇರಿದ ಆಳಿನ ನಿಜನಾಮವನ್ನು ಬದಿಗಿಟ್ಟು, ಒಡೆಯರಿಗೆ ರೂಢಿಯಾದ ಮಾರಿ ಮುಂತಾದ ಹೆಸರಿನಿಂದಲೇ ಕರೆಯುವ ಪದ್ಧತಿಯೂ ಇತ್ತು. ಪದ್ದು ಎಂದು ಅಜ್ಜಿ ಕರೆದರೆ ಅಕ್ಕರೆ, ‘ಪದ್ದೀ’ ಎಂದು ಯಜಮಾನ ಕೂಗಿದರೆ ತಿರಸ್ಕಾರ ಎಂಬ ವ್ಯತ್ಯಾಸವನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಅರಮನೆಯ ಹೆಣ್ಣುಮಕ್ಕಳು ಪಾರಾದರು ಎನ್ನುವಂತೆಯೂ ಇಲ್ಲ. ದೊರೆ 15ನೇ ಲೂಯಿ ತನ್ನ ನಾಲ್ವರು ಪುತ್ರಿಯರಾದ ಅದೆಲಾಯಿದ್, ವಿಕ್ತ್ವಾರ್, ಸೋಫಿ, ಲೂಯಿಸ್ ಅವರನ್ನು ಕ್ರಮವಾಗಿ ಲೋಕ್, ಕೋಶ್, ಗ್ರಾಯ್, ಶಿಫ್ ಎಂದು ಕರೆಯುತ್ತಿದ್ದನೆಂದು ಅರಮನೆಯ ಒಳಗಣ್ಣಾಗಿದ್ದ ಮದಾಂ ಕಾಂಪಾನ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಚಿಂದಿ, ಹಂದಿ, ಕಾಗೆ, ಕಳಪೆ ಬಟ್ಟೆ ಎಂಬುವು ಸುಮಾರಾಗಿ ಇವುಗಳ ಅರ್ಥ. ಮಕ್ಕಳಿಗೆ ದೃಷ್ಟಿಯಾಗದಿರಲೆಂದು ತಿಪ್ಪಯ್ಯ, ಕಲ್ಲಪ್ಪ ಎಂದು ಹೆಸರಿಡುವ ನಾಡಿನವರಿಗೆ ಇದು ಅಷ್ಟು ಕ್ರೂರವಾಗಿ ಕಾಣದಿರಬಹುದು. ಆದರೆ ಅರಮನೆಯಲ್ಲಿ ದೃಷ್ಟಿಯ ಭಯದಿಂದ ಹೀಗೆ ಕರೆದದ್ದಲ್ಲ, ಅದು ತಂದೆಯ ವಿನೋದ. ಇಂದಿಗೂ ಫ್ರೆಂಚ್ ತಾಯಂದಿರು ಮಗಳನ್ನು ‘ನನ್ನ ಚಿಗಟವೇ’ ಎಂದು ಮುದ್ದುಗರೆಯುತ್ತಾರೆ.

ಕೆಲವು ಹೆಸರುಗಳ ವಿಚಾರ

ಹಳೆಯ ಹೆಸರುಗಳಲ್ಲಿ ಮುದ್ದುಹೆಸರಿನ ಸಂಪತ್ತು ಅತಿ ಹೆಚ್ಚಾಗಿರುವುದು ಮಾರ್ಗರೀತ್‌ಗೆ. ಮಾರ್ಗೋ, ಗೀತ್, ರೀತಾ ಇವೆಲ್ಲ ಅದರ ಕವಲುಗಳು. ಮಾರ್ಗೋಗೆ ಹಕ್ಕಿಯ ಅಪಖ್ಯಾತಿ ಇದ್ದರೂ ಅದನ್ನು ಮೇಲೆತ್ತಿದವಳು ಒಬ್ಬ ರಾಣಿ. ದೊರೆ 9ನೇ ಚಾರ್ಲ್ಸ್‌ನ ತಂಗಿ ಮಾರ್ಗರೀತ್ ದ ವಾಲ್ವಾ (1553-1615) ಮನೆಯಲ್ಲಿ ಮಾರ್ಗೋ. ಅಲೆಕ್ಸಾಂಡರ್ ಡ್ಯೂಮಾ 1845ರಲ್ಲಿ ಪ್ರಕಟಿಸಿದ ಕಾದಂಬರಿಯಿಂದಾಗಿ ಲೋಕಕ್ಕೆಲ್ಲ ಆಕೆ ‘ರಾಣಿ ಮಾರ್ಗೋ’. ಇಂದು ಮಾರ್ಗೋ ಸ್ವತಂತ್ರ ಹೆಸರಾಗಿಯೂ ಜನಪ್ರಿಯವಾಗಿದೆ. ಬರೆಯುವಾಗ ಕೊನೆಯಲ್ಲಿ ‘ಟಿ’ ಅಕ್ಷರವಿದ್ದರೂ ಅದನ್ನು ಉಚ್ಚರಿಸುವಂತಿಲ್ಲ. ಭಾರತೀಯರ ಕಿವಿಗೆ ಬೇವಿನ ಸಾಬೂನು ನೆನಪಾದರೆ ಅದು ಹೆಸರಿನ ತಪ್ಪಲ್ಲ.

ಜೋಸೆಫೀನ್ ಎಂಬ ಹೆಸರಿನ ಕತೆ ತಲೆಕೆಳಗು. ನೆಪೋಲಿಯನ್ನನ ಪತ್ನಿಯ ಪೂರ್ಣ ಹೆಸರು ಮಾರಿ ಜೋಸೆಫ್ ರೋಸ್. ಆತನನ್ನು ಕಾಣುವ ತನಕ ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದು ರೋಸ್ ಎಂದು. ಜೋಸೆಫೀನ್ ಎಂಬುದು ಆತ ಕೊಟ್ಟ ಹೆಸರು. ಗಂಡನ ಮನೆಯಲ್ಲಿ ಹೆಸರು ಬದಲಾಗುವುದು ನಮ್ಮ ಮದುವೆಗಳಲ್ಲಿ ಮಾತ್ರ ಎಂದು ತಿಳಿಯಬೇಕಿಲ್ಲ! ಫಿಫೀನ್, ಝೋಝೆತ್, ಜೋ ಇವು ಈ ಹೆಸರಿನ ಮೊಟಕು ರೂಪಗಳು.

ಜನೆವಿಯೆವ್ ಪ್ಯಾರಿಸ್ ನಗರದ ಪಾಲಕ ಸಂತಳ ಹೆಸರು. ಅದರಿಂದ ಬಂದದ್ದು ಜಿನೆತ್. ವರ್ಸಾಯ್‌ನಲ್ಲಿರುವ ಸಂತ ಜನೆವಿಯೆವ್ ಹೆಸರಿನ ಪ್ರತಿಷ್ಠಿತ ವಿದ್ಯಾಲಯವನ್ನು ಅಲ್ಲಿನ ವಿದ್ಯಾರ್ಥಿಗಳು ಇಂದಿಗೂ ಜಿನೆತ್ ಎಂದೇ ಕರೆಯುತ್ತಾರೆ. ಮದಲೇನ್‌ಗೆ ಮಾದೋ ಮತ್ತು ಮದಲೋನ್. ಎರಡನೆಯದು ಮೊದಲ ಮಹಾಯುದ್ಧದ ಕಾಲದ ಸೈನಿಕರ ಹಾಡಿನಿಂದಾಗಿ ಹೆಂಡದಂಗಡಿಯ ಹುಡುಗಿಯ ಹೆಸರಾಗಿಬಿಟ್ಟಿದೆ. ಜಿಲ್ಬೆರ್ತ್‌ಗೆ ಜಿಜಿ, ಲೇಖಕಿ ಕೊಲೆತ್ 1944ರಲ್ಲಿ ಬರೆದ ಕಿರುಕಾದಂಬರಿಯ ನಾಯಕಿಯಿಂದ ಪ್ರಸಿದ್ಧವಾದದ್ದು. ಗಾಬ್ರಿಯೆಲ್‌ಗೆ ಗಾಬಿ ಸಹಜ. ಗಾಬ್ರಿಯೆಲ್ ಶನೆಲ್ ಮಾತ್ರ ಕೊಕೊ ಆದರು, ಮೂಲ ಹೆಸರಿನ ಒಂದು ಅಕ್ಷರವೂ ಅದರಲ್ಲಿಲ್ಲ.

ಮಾರಿ ಜೋಡಿಯಾಗಿರುವ ಹೆಸರುಗಳು ಇನ್ನೂ ಅನುಕೂಲಕರ. ಎರಡರ ತುಂಡುಗಳನ್ನು ಬೆಸೆದರಾಯಿತು. ಮಾರಿ-ಲೂಯಿಸ್‌ನಿಂದ ಮಾಲೂ, ಮಾರಿ-ತೆರೇಸ್‌ನಿಂದ ಮೈತೆ, ಮಾರಿ-ಎಲೆನ್‌ನಿಂದ ಮಿಲೆನ್.

ಜೋಡಿ ಅಕ್ಷರಗಳ ಹೆಸರನ್ನು ಆರಿಸುವವರು ಫ್ರೆಂಚ್ ಮಕ್ಕಳ ಭಾಷೆಯನ್ನೂ ಗಮನಿಸುವುದು ಒಳಿತು. ದೊದೊ ಎಂದರೆ ನಿದ್ದೆ, ಲೊಲೊ ಎಂದರೆ ಹಾಲು, ಬೊಬೊ ಎಂದರೆ ಸಣ್ಣ ಗಾಯ. ಒದೀಲ್ ಎಂಬವಳನ್ನು ದೊದೊ ಎಂದು ಕರೆದರೆ ಶಾಲೆಯಲ್ಲಿ ಆಕೆ ತೂಕಡಿಸಿದಾಗಲೆಲ್ಲ ನಗೆಪಾಟಲಾಗುವುದು ಖಂಡಿತ. ಲೇಖಕಿ ಜಾರ್ಜ್ ಸಾಂದ್ ಅವರ ಮೊಮ್ಮಗಳು ಒರೋರ್ ಮನೆಯಲ್ಲಿ ಲೊಲೊ ಆಗಿದ್ದಳು. ಕನ್ನಡದ ಮನೆಯಲ್ಲಂತೂ ಹೆಣ್ಣುಮಗುವನ್ನು ‘ಲೋ... ಲೋ...’ ಎಂದು ಕರೆದರೆ ಪಕ್ಕದ ಮನೆಯ ಹುಡುಗ ಓಡಿಬಂದಾನು.

ಕಾನೂನು ಏನೆನ್ನುತ್ತದೆ?

ಮುದ್ದುಹೆಸರನ್ನು ಜನನ ಪತ್ರದಲ್ಲಿ ಬರೆಸಲು ಫ್ರಾನ್ಸಿನಲ್ಲಿ ದೀರ್ಘಕಾಲ ಅವಕಾಶವಿರಲಿಲ್ಲ. 1803ರ ಏಪ್ರಿಲ್ 1ರ ಕಾನೂನಿನ ಪ್ರಕಾರ, ಪಂಚಾಂಗಗಳಲ್ಲಿ ಬಳಕೆಯಲ್ಲಿದ್ದ ಹೆಸರುಗಳು ಹಾಗೂ ಪ್ರಾಚೀನ ಇತಿಹಾಸದ ಖ್ಯಾತನಾಮರ ಹೆಸರುಗಳಿಗೆ ಮಾತ್ರ ಮಾನ್ಯತೆ. 1966ರಲ್ಲಿ ಹೊರಡಿಸಿದ ಸರ್ಕಾರಿ ಸೂಚನೆ ಈ ಬಿಗಿಯನ್ನು ಸಡಿಲಿಸಿತು. ಜನೆವಿಯೆವ್ ಬದಲು ಜಿನೆತ್, ಆನ್ ಬದಲು ಆನಿ, ಜೋಡಿ ಹೆಸರುಗಳಿಂದ ಬೆಸೆದ ಮೈತೆ ಮೊದಲಾದವನ್ನು ಅದು ಉದಾಹರಣೆ ಸಹಿತ ಒಪ್ಪಿಕೊಂಡಿತು. 1993ರ ಜನವರಿ 8ರ ಕಾನೂನು ಆಯ್ಕೆಯನ್ನು ಪೂರ್ಣವಾಗಿ ಹೆತ್ತವರಿಗೆ ಬಿಟ್ಟಿತು. ಮಗುವಿನ ಹಿತಕ್ಕೆ ಧಕ್ಕೆಯಾಗುವಂತಿದ್ದರೆ ನೋಂದಣಾಧಿಕಾರಿ ಸರ್ಕಾರಿ ಅಭಿಯೋಜಕರ ಗಮನಕ್ಕೆ ತರಬಹುದು, ಪ್ರಕರಣ ಕುಟುಂಬ ನ್ಯಾಯಾಧೀಶರ ಮುಂದೆ ಹೋಗುತ್ತದೆ.

ಉತ್ತರ ಫ್ರಾನ್ಸಿನ ವಾಲೆನ್ಸಿಯೆನ್ ನ್ಯಾಯಾಲಯದ ಎರಡು ತೀರ್ಪುಗಳು ಈ ಸಂಬಂಧ 2015ರಲ್ಲಿ ಸುದ್ದಿಯಾದವು. ಮಗಳಿಗೆ ನುಟೆಲ್ಲಾ ಎಂದು ಹೆಸರಿಟ್ಟ ದಂಪತಿ ವಿಚಾರಣೆಗೆ ಹಾಜರಾಗದಿದ್ದಾಗ, ನ್ಯಾಯಾಧೀಶರು ಮಗುವಿನ ಹೆಸರನ್ನು ಎಲ್ಲಾ ಎಂದು ಬದಲಿಸಿದರು. ನ್ಯಾಯಾಲಯವೂ ಬಾಲವನ್ನೇ ಹಿಡಿಯಿತು ಎನ್ನಬಹುದು! ಸ್ಟ್ರಾಬೆರಿ ಹಣ್ಣಿನ ಫ್ರೆಂಚ್ ಹೆಸರಾದ ಫ್ರೇಸ್ ಎಂಬುದನ್ನು ಆರಿಸಿದ ಇನ್ನೊಂದು ದಂಪತಿಗೂ ಅನುಮತಿ ದೊರೆಯಲಿಲ್ಲ. ಅವರು 19ನೇ ಶತಮಾನದಲ್ಲಿ ಬಳಕೆಯಲ್ಲಿದ್ದ ಫ್ರೇಸೀನ್ ಎಂಬ ಹೆಸರನ್ನು ಹುಡುಕಿ ತೆಗೆದರು. ಮನೆಯಲ್ಲಿ ಆಕೆಯನ್ನು ಏನೆಂದು ಕರೆಯುತ್ತಾರೆಂದು ಕೇಳುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲ.

ಇಲ್ಲಿ ಹೆತ್ತವರಿಗೆ ನೆರವಾಗುವ ಒಂದು ನಿಯಮವಿದೆ. ಜನನ ಪತ್ರದಲ್ಲಿ ಬರೆಸಿದ ಹಲವು ಹೆಸರುಗಳಲ್ಲಿ ಯಾವುದನ್ನು ಬೇಕಾದರೂ ದೈನಂದಿನ ಬಳಕೆಯ ಹೆಸರಾಗಿ ಆರಿಸಿಕೊಳ್ಳಲು ಫ್ರಾನ್ಸಿನ ನಾಗರಿಕ ಸಂಹಿತೆಯ 57ನೇ ವಿಧಿ ಅವಕಾಶ ನೀಡುತ್ತದೆ. ಮಾರ್ಗರೀತ್ ಜೊತೆಗೆ ಮಾರ್ಗೋ ಎಂಬುದನ್ನೂ ಎರಡನೆಯ ಹೆಸರಾಗಿ ನೋಂದಾಯಿಸಿದರೆ ಬೆಳೆದ ಮಗಳಿಗೆ ಎರಡೂ ದಾರಿ ತೆರೆದಿರುತ್ತದೆ. ಇಷ್ಟವಿಲ್ಲದ ಹೆಸರನ್ನು ಬದಲಿಸುವ ಪ್ರಕ್ರಿಯೆಯೂ 2016ರ ಕಾನೂನಿನಿಂದ ಸರಳವಾಗಿದೆ. ಈಗ ನ್ಯಾಯಾಲಯಕ್ಕೆ ಹೋಗಬೇಕಿಲ್ಲ, ನಗರಾಡಳಿತ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು.

ಕರಾವಳಿಗೆ ಬಂದ ಹೆಸರುಗಳು

ಫ್ರೆಂಚ್ ಹೆಸರುಗಳು ಕರ್ನಾಟಕಕ್ಕೆ ತೀರ ಹೊಸವಲ್ಲ. ಫ್ರಾನ್ಸಿನ ಬಯೋನ್‌ನಿಂದ ಹೊರಟ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಧರ್ಮಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣ ಕೈಗೊಂಡರು. ಲೂರ್ದಿನ ಬರ್ನದೆತ್ 1933ರಲ್ಲಿ ಸಂತಪದವಿ ಪಡೆದರು, ಲಿಸಿಯೂನ ತೆರೇಸ್ 1925ರಲ್ಲಿ. ಮಂಗಳೂರು ಮತ್ತು ಬೆಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ ಬರ್ನಡೆಟ್, ತೆರೇಸಾ, ಜೋಸೆಫಿನ್ ಎಂಬ ಹೆಸರಿನ ಹಿರಿಯರು ಇಂದಿಗೂ ಇದ್ದಾರೆ. ಉಚ್ಚಾರಣೆ ಮಾತ್ರ ಇಂಗ್ಲಿಷಿನ ಮೂಲಕ ಬಂದದ್ದು. ಫ್ರೆಂಚರು ನುಂಗುವ ಕೊನೆಯ ಅಕ್ಷರವನ್ನು ಇಲ್ಲಿನವರು ಗಟ್ಟಿಯಾಗಿ ಹೇಳುತ್ತಾರೆ. ಇಂತಹ ಹೆಸರನ್ನು ಆರಿಸುವ ಕನ್ನಡಿಗರು, ಅದರಲ್ಲಿಯೂ ಪರದೇಶದಲ್ಲಿ ನೆಲೆಸಿದವರು, ಊರಿನ ಅಜ್ಜಿಯ ನಾಲಿಗೆಯಲ್ಲಿ ಅದು ಹೇಗೆ ಹೊರಳುತ್ತದೆ ಎಂದು ಒಮ್ಮೆ ಕೇಳಿ ನೋಡುವುದು ಕ್ಷೇಮ. ಜನೆವಿಯೆವ್ ಎನ್ನಲು ತಡವರಿಸುವ ಅಜ್ಜಿ ಜಿಜಿ ಎನ್ನಲು ತಡವರಿಸಲಾರಳು.

ಹುಡುಗಿಯ ಒಪ್ಪಿಗೆ

ಹ್ಯೂಗೊ ಅವರ ‘ಲೆ ಮಿಸರಾಬ್ಲ್’ (1862) ಕಾದಂಬರಿಯ ಕೊಸೆತ್‌ಳ ನಿಜನಾಮ ಅದಲ್ಲ, ಯೂಫ್ರಸಿ. ಬಡತಾಯಿ ಫಾಂತೀನ್ ಮುದ್ದಿನಿಂದ ಅದನ್ನು ಕೊಸೆತ್ ಮಾಡಿದಳು. ತಾಯಂದಿರ ಈ ಬಗೆಯ ಪರಿವರ್ತನೆಗಳು ನಿರುಕ್ತಕಾರರ ವಿದ್ಯೆಯನ್ನೆಲ್ಲ ಗಲಿಬಿಲಿಗೊಳಿಸುತ್ತವೆ ಎಂದು ಲೇಖಕರು ಅಲ್ಲಿ ವಿನೋದವಾಡುತ್ತಾರೆ. ಪ್ರಾಯಕ್ಕೆ ಬಂದ ಕೊಸೆತ್‌ಗೆ ಆ ಹೆಸರು ಒಗ್ಗುವುದಿಲ್ಲ. ಚಿಕ್ಕಂದಿನಲ್ಲಿ ಇಟ್ಟ ಕೆಟ್ಟ ಹೆಸರದು, ತನ್ನ ಹೆಸರು ಯೂಫ್ರಸಿ ಎಂದು ಪ್ರಿಯಕರ ಮಾರಿಯುಸ್‌ಗೆ ಹೇಳುತ್ತಾಳೆ. ಆತನಿಗೆ ಕೊಸೆತ್ ಹೆಚ್ಚು ಹಿಡಿಸಿತೆಂದು ತಿಳಿದ ಮೇಲೆ ತನಗೂ ಅದೇ ಇಷ್ಟವೆನ್ನುತ್ತಾಳೆ. ಇಟ್ಟ ತಾಯಿ ಬದುಕಿಲ್ಲ. ಆ ಹೆಸರು ಎಲ್ಲಿಂದ ಬಂತೆಂಬುದೂ ಹುಡುಗಿಗೆ ಗೊತ್ತಿಲ್ಲ.

ನಿಜಜೀವನದಲ್ಲಿ ಇಂತಹ ಎರಡು ಪ್ರಸಂಗಗಳು ಲೇಖಕಿ ಸಿಮೋನ್ ದ ಬೋವಾ ಅವರ ಸುತ್ತ ಸಿಗುತ್ತವೆ. ಅವರ ಬಾಲ್ಯದ ಗೆಳತಿ ಎಲಿಸಬೆತ್ ಲಾಕ್ವಾಂ 1929ರಲ್ಲಿ, 21ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಓದುಗಲೋಕ ಬಲ್ಲದ್ದು ಝಾಝಾ ಎಂಬ ಮುದ್ದುಹೆಸರಿನಿಂದಲೇ. ತಂಗಿ ಎಲೆನ್ (1910-2001) ಮನೆಯಲ್ಲಿ ಪೂಪೆತ್, ಅಂದರೆ ಪುಟ್ಟ ಗೊಂಬೆ. ಬೆಳೆದು ಚಿತ್ರಕಲಾವಿದೆಯಾದ ಮೇಲೂ ಆಪ್ತರ ಪಾಲಿಗೆ ಅವರು ಪೂಪೆತ್ ಆಗಿಯೇ ಉಳಿದರು. ಕಲಾಲೋಕಕ್ಕೆ ಅವರು ಪರಿಚಿತರಾದದ್ದು ಎಲೆನ್ ದ ಬೋವಾ ಎಂಬ ಪೂರ್ಣ ಹೆಸರಿನಿಂದ.